ಮಗುವಿನ ಉಸಿರು ಎಣಿಸೋಣ



ಮಳೆ ಬಂತು. ಥಂಡಿ ಗಾಳಿ ಬೀಸಿತು. ಮನೆ ಮನೆಯಲ್ಲೂ ಮಕ್ಕಳಿಗೆ ನೆಗಡಿ, ಕೆಮ್ಮು, ಜ್ವರ. ಕೆಲವರಿಗೆ ಮೈಕೈ ನೋವು. ಇದು ಫ್ಲೂ ಜ್ವರ ಇರಬಹುದು. ಇದಕ್ಕೆ ಶೀತಜ್ವರ ಅಂತಲೂ ಹೇಳುತ್ತಾರೆ.

ಫ್ಲೂ ಹೇಗೆ ಬರುತ್ತದೆ?

ಇದು ದೃಷ್ಟಿಯಿಂದ ಬರುವುದಿಲ್ಲ. ದೇವರ ಕೋಪದಿಂದಲೂ ಬರುವುದಿಲ್ಲ. ಕಣ್ಣಿಗೆ ಕಾಣದ ವೈರಸ್ ಎಂಬ ರೋಗಾಣುವಿನಿಂದ ಬರುತ್ತದೆ. ಜ್ವರ ಇದ್ದವರು ಕೆಮ್ಮಿದಾಗ, ಸೀನಿದಾಗ ಸಣ್ಣ ಹನಿಗಳು ಹಾರುತ್ತವೆ. ಅವು ಹತ್ತಿರ ಇದ್ದವರ ಮೂಗು, ಬಾಯಿ ಸೇರುತ್ತವೆ. ಸಿಂಬಳ ಒರೆಸಿದ ಕೈಯಿಂದಲೂ ರೋಗ ಹರಡುತ್ತದೆ.

ಹೆಚ್ಚಿನ ಮಕ್ಕಳು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಮ್ಮು ಎರಡು ವಾರ ಇರಬಹುದು. ಆದರೆ ಕೆಲವು ಮಕ್ಕಳಿಗೆ ರೋಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದೇ ನ್ಯುಮೋನಿಯಾ. ಐದು ವರ್ಷದೊಳಗಿನ ಮಕ್ಕಳ ಪ್ರಾಣ ತೆಗೆಯುವ ದೊಡ್ಡ ರೋಗಗಳಲ್ಲಿ ಇದೂ ಒಂದು. ಇದನ್ನು ಬೇಗ ಗುರುತಿಸಬೇಕು. ಗುರುತಿಸುವುದು ಹೇಗೆ? ಈ ಕಥೆ ಓದಿ.

ಅತ್ತೆ, ಸೊಸೆ

ಒಂದು ಮನೆ. ಹತ್ತು ತಿಂಗಳ ಕೂಸು. ಮೂರು ದಿನದಿಂದ ಜ್ವರ, ಕೆಮ್ಮು.

"ಗಾಳಿ ಸೋಕಿರಬೇಕು ಕಣೇ. ಕಂಬಳಿ ಹೊದಿಸು. ದೃಷ್ಟಿ ತೆಗೀತೀನಿ" ಅಂದರು ಅತ್ತೆ.

"ಅತ್ತೆ, ಮಗು ಉಸಿರಾಟ ನೋಡಿ. ಯಾಕೋ ಜೋರಾಗಿದೆ" ಅಂದಳು ಸೊಸೆ.

"ಜ್ವರ ಅಲ್ವೇನೇ? ಹಂಗೇ ಇರುತ್ತೆ."

"ಎಷ್ಟಿದೆ ಅಂತ ಎಣಿಸಿ ನೋಡೋಣ ಅತ್ತೆ. ನಮ್ಮ ಕಲಿಕಾ ಕೇಂದ್ರದಲ್ಲಿ ಹೇಳಿಕೊಟ್ಟಿದ್ದಾರೆ. ನೀವು ಗಡಿಯಾರ ಹಿಡೀರಿ. ದೊಡ್ಡ ಮುಳ್ಳು ಒಂದು ಗೆರೆ ದಾಟಿದ ಮೇಲೆ ಹೇಳಿ."

ಕೂಸು ಮಲಗಿತ್ತು. ಸೊಸೆ ಅಂಗಿ ಮೇಲೆ ಎತ್ತಿದಳು. ಹೊಟ್ಟೆ ಉಬ್ಬಿ ಇಳಿದರೆ ಒಂದು ಉಸಿರು. ಒಂದು, ಎರಡು, ಮೂರು...

"ಸಾಕು, ನಿಮಿಷ ಆಯ್ತು" ಅಂದರು ಅತ್ತೆ.

"56 ಅತ್ತೆ! 50 ಮುಟ್ಟಿದರೇ ಆಸ್ಪತ್ರೆಗೆ ಹೋಗಬೇಕು."

ಅತ್ತೆ ಗಾಬರಿಯಾದರು. ಆಮೇಲೆ ಅವರೇ ಎದ್ದು ಸೆರಗು ಕಟ್ಟಿದರು. "ನಡಿ, ಆಶಾ ಅಕ್ಕನ್ನೂ ಕರ್ಕೊಂಡು ಹೋಗೋಣ" ಅಂದರು.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮಗುವನ್ನು ನೋಡಿದರು. "ನ್ಯುಮೋನಿಯಾ ಶುರುವಾಗಿದೆ. ಒಳ್ಳೇ ಸಮಯಕ್ಕೆ ಬಂದಿರಿ" ಅಂದರು. ಐದು ದಿನದ ಔಷಧಿ ಕೊಟ್ಟರು. ಮೂರನೇ ದಿನಕ್ಕೆ ಕೂಸು ನಗುತ್ತಿತ್ತು. ಆದರೂ ಸೊಸೆ ಐದು ದಿನವೂ ಔಷಧಿ ಕುಡಿಸಿದಳು.

ಎಷ್ಟು ಉಸಿರು ಇದ್ದರೆ ಅಪಾಯ?

ಮಗು ಅಳುವಾಗ ಎಣಿಸಬೇಡಿ. ಪೂರ್ತಿ ಒಂದು ನಿಮಿಷ ಎಣಿಸಿ.

2 ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು
2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು
1 ವರ್ಷದಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು

ಇವು ಕಂಡರೆ ತಡ ಮಾಡಬೇಡಿ

ಉಸಿರು ಎಳೆದಾಗ ಪಕ್ಕೆ ಒಳಕ್ಕೆ ಹೋಗುವುದು. ಹಾಲು, ನೀರು ಕುಡಿಯದಿರುವುದು. ಕುಡಿದದ್ದೆಲ್ಲ ವಾಂತಿ ಆಗುವುದು. ಫಿಟ್ಸ್ ಬರುವುದು. ಎಬ್ಬಿಸಿದರೂ ಏಳದಿರುವುದು. ತುಟಿ ನೀಲಿ ಆಗುವುದು. ಎರಡು ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಾಗಿಲ್ಲ.

ಮನೆಯಲ್ಲಿ ಆರೈಕೆ

ಎದೆಹಾಲು ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಗುವಿಗೆ ಗಂಜಿ, ಬೇಳೆಕಟ್ಟು, ಕಾಯಿಸಿ ಆರಿಸಿದ ನೀರು ಆಗಾಗ ಕೊಡಿ. ತೆಳು ಬಟ್ಟೆ ಹಾಕಿ. ದಪ್ಪ ಕಂಬಳಿ ಹೊದಿಸಿದರೆ ಜ್ವರ ಏರುತ್ತದೆ. ಜ್ವರದ ಔಷಧಿಯನ್ನು ಡಾಕ್ಟರು ಅಥವಾ ನರ್ಸ್ ಹೇಳಿದ ಅಳತೆಯಲ್ಲೇ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡ. ಮೂಗಿಗೆ ಎಣ್ಣೆ ಬಿಡಬೇಡಿ. ಮೈಗೆ ಬರೆ ಹಾಕಲೇಬೇಡಿ.

ಬರದಂತೆ ತಡೆಯೋಣ

ಸೋಪು ಹಚ್ಚಿ ಕೈ ತೊಳೆಯಿರಿ. ಕೆಮ್ಮುವಾಗ ಸೆರಗು ಅಡ್ಡ ಹಿಡಿಯಿರಿ. ನಿಮಗೇ ನೆಗಡಿ ಇದ್ದರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಲು ಕುಡಿಸಿ. ಒಲೆ ಹೊಗೆ, ಬೀಡಿ ಹೊಗೆ ಮಗುವಿಗೆ ತಾಗದಿರಲಿ. ಎಲ್ಲ ಲಸಿಕೆ ಹಾಕಿಸಿ. ಒಂದು ಬಗೆಯ ನ್ಯುಮೋನಿಯಾ ತಡೆಯುವ ಲಸಿಕೆಯೂ ಇದೆ. 2021ರಿಂದ ಅದನ್ನು ದೇಶದ ಎಲ್ಲ ರಾಜ್ಯಗಳಲ್ಲೂ ಸರಕಾರ ಉಚಿತವಾಗಿ ಹಾಕುತ್ತಿದೆ. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ ಹಾಕಿಸಬೇಕು.

ಅಭ್ಯಾಸ

1. ಓದಿ, ಬರೆಯಿರಿ: ಉಸಿರು, ಕೆಮ್ಮು, ಜ್ವರ, ಪಕ್ಕೆ, ಲಸಿಕೆ.
2. ಮಲಗಿರುವ ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿ. ಇಲ್ಲಿ ಬರೆಯಿರಿ: ........
3. ಒಂದೂವರೆ ವರ್ಷದ ಮಗು. ಕೆಮ್ಮು ಇದೆ. ಉಸಿರು ನಿಮಿಷಕ್ಕೆ 44. ಏನು ಮಾಡುತ್ತೀರಿ?
4. ನಿಮ್ಮ ಊರಿನ ಆಶಾ ಅಕ್ಕನ ಫೋನ್ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.