ಹಲಾಲ್ ಬೋರ್ಡು ಬರೆಸುವ ಮೊದಲು

ತಮ್ಮಾ, ರಮ್ಜಾನ್ ತಿಂಗಳಿಗೆ ಫ್ರೇಜರ್ ಟೌನ್ ಕಡೆ ಕಬಾಬ್, ಬಿರಿಯಾನಿ ಅಂಗಡಿ ಇಡ್ತೀನಿ ಅಂದೆ. ಕೇಳಿ ಖುಷಿಯಾಯ್ತು. ಬೋರ್ಡಿನ ಮೇಲೆ ‘ಹಲಾಲ್’ ಅಂತ ದೊಡ್ಡದಾಗಿ ಬರೆಸುವ ಮೊದಲು ನನ್ನದೊಂದು ಮಾತು ಕೇಳು. ಬಿಸ್ಮಿಲ್ಲಾ ಹೇಳಿ ಕೊಯ್ದ ಮಾಂಸ ತಂದಾಯ್ತು, ಇನ್ನು ನನ್ನ ಜವಾಬ್ದಾರಿ ಮುಗೀತು ಅಂದ್ಕೋಬೇಡ. ಕುರ್‌ಆನಿನ ಅಲ್ ಬಕರಾ ಅಧ್ಯಾಯದ 168ನೇ ಆಯತ್ತಿನಲ್ಲಿ ಹಲಾಲ್ ಜೊತೆಗೇ ತಯ್ಯಿಬ್ ಕೂಡ ಬರುತ್ತೆ. ತಿನ್ನುವುದು ಧರ್ಮಸಮ್ಮತವಾಗಿದ್ದರೆ ಸಾಲದು, ಶುದ್ಧವಾಗಿಯೂ ಇರಬೇಕು. ಆ ಎರಡನೆಯದು ನಿನ್ನ ಅಂಗಡಿಯ ಹುಡುಗರ ಕೈಯಲ್ಲಿದೆ.

ಅದಕ್ಕೇ ಕೈಯ ವಿಷಯ ಮೊದಲು ಹೇಳ್ತೀನಿ. ಹಸಿ ಕೋಳಿಗೆ ಮಸಾಲೆ ಸವರಿದ ಕೈಯನ್ನು ಹೆಗಲ ಮೇಲಿನ ಟವಲ್ಲಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಈರುಳ್ಳಿ, ಪುದೀನ ಹೆಚ್ಚುತ್ತಾರೆ. ಕಬಾಬ್ ಎಣ್ಣೆಯಲ್ಲಿ ಬೇಯುತ್ತೆ, ಈರುಳ್ಳಿ ಹಸಿಯಾಗೇ ತಟ್ಟೆಗೆ ಹೋಗುತ್ತೆ. ಕೋಳಿಯಲ್ಲಿದ್ದ ಸಾಲ್ಮೊನೆಲ್ಲಾ ಸೂಕ್ಷ್ಮಾಣು ಗಿರಾಕಿಯ ಹೊಟ್ಟೆ ಸೇರೋದು ಈ ದಾರಿಯಲ್ಲೇ. ಹಸಿ ಮಾಂಸಕ್ಕೆ ಬೇರೆ ಚಾಕು, ಬೇರೆ ಹಲಗೆ ಇಡು. ‘ಈಗಷ್ಟೇ ವುಜೂ ಮಾಡಿ ಬಂದೆ’ ಅಂತ ಹುಡುಗರು ಹೇಳಬಹುದು. ವುಜೂ ಅನ್ನೋ ಕೈಕಾಲು ಮುಖದ ಶುದ್ಧಿ ನಮಾಜಿಗೆ. ಮಾಂಸದ ಜಿಡ್ಡಿಗೆ ಸೋಪು ಹಚ್ಚಿ, ಬೆರಳ ಸಂದಿ, ಉಗುರಿನ ಸಂದಿ ಬಿಡದೆ 20 ಸೆಕೆಂಡಾದರೂ ಉಜ್ಜಬೇಕು. ಕಾಸು ಎಣಿಸುವವನು ಬೇರೆ, ರುಮಾಲಿ ರೊಟ್ಟಿ ಮಡಚುವವನು ಬೇರೆ ಇರಲಿ.

ರಮ್ಜಾನಿನಲ್ಲಿ ಇನ್ನೊಂದು ತೊಡಕಿದೆ. ಸಂಜೆಯ ಇಫ್ತಾರಿಗೆ ಅಂತ ಮಧ್ಯಾಹ್ನವೇ ಬಿರಿಯಾನಿಯ ದೇಗ್ ಇಳಿಯುತ್ತೆ, ವ್ಯಾಪಾರ ರಾತ್ರಿಯ ತರಾವೀಹ್ ನಮಾಜು ಮುಗಿದು ಬೆಳಗಿನ ಜಾವದ ಸಹರಿ ಊಟದವರೆಗೂ ನಡೆಯುತ್ತೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಸೂಕ್ಷ್ಮಾಣು ಇರುತ್ತೆ. ಅದರ ಬೀಜಕ ಕುದಿಸಿದರೂ ಸಾಯಲ್ಲ, ಅನ್ನ ಉಗುರು ಬೆಚ್ಚಗಾದಾಗ ಮೊಳೆತು ಹೆಚ್ಚುತ್ತೆ. ಅದು ಬಿಟ್ಟ ವಿಷ ಆಮೇಲೆ ಬಿಸಿ ಮಾಡಿದರೂ ಹೋಗಲ್ಲ. ಆದ್ದರಿಂದ ಬಿರಿಯಾನಿ ಕೆಂಡದ ಮೇಲೇ ಇರಲಿ, 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಒಂದು ಥರ್ಮಾಮೀಟರ್ ತಗೋ. ಒಂದೇ ದೊಡ್ಡ ದೇಗ್ ಬದಲು ಎರಡು ಚಿಕ್ಕವು ಇಳಿಸಿದರೆ ಇನ್ನೂ ಒಳ್ಳೇದು. ಮಿಕ್ಕೀತು ಅನ್ನಿಸಿದರೆ ಬಿಸಿಯಿರುವಾಗಲೇ ಹಸಿದವರಿಗೆ ಹಂಚಿಬಿಡು, ಮಾರನೇ ದಿನದ ದೇಗಿಗೆ ಬೆರೆಸಬೇಡ. ಇಡೀ ದಿನ ಉಪವಾಸವಿದ್ದ ಮಕ್ಕಳು, ವಯಸ್ಸಾದವರು ನಿನ್ನನ್ನು ನಂಬಿ ಮೊದಲ ತುತ್ತು ತಿನ್ನುತ್ತಾರೆ.

ಕಬಾಬಿಗೆ ಕೃತಕ ಬಣ್ಣ ಹಾಕಲೇಬೇಡ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ ಅದನ್ನು ನಿಷೇಧಿಸಿದೆ. ಆಗ ಪರೀಕ್ಷೆಗೆ ಹೋದ 39 ಮಾದರಿಗಳಲ್ಲಿ 8 ಸುರಕ್ಷಿತವಲ್ಲ ಅಂತ ವರದಿ ಬಂತು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಕೆಂಪಿಗೆ ಪುಡಿ ಡಬ್ಬಿ ಯಾಕೆ ಬೇಕು? ಪಾರ್ಸಲ್ಲಿಗೆ ಹಳೇ ಪೇಪರೂ ಬೇಡ, ಅದರ ಶಾಯಿ ಎಣ್ಣೆಗೆ ಬಿಡುತ್ತೆ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸು, ವರ್ಷಕ್ಕೊಮ್ಮೆ ಹುಡುಗರಿಗೆ ವೈದ್ಯರ ತಪಾಸಣೆಯೂ ಆಗಲಿ. ನಿಯಮ ಇರೋದೇ ಹಾಗೆ.

ಕೊನೆಯದಾಗಿ ಹೇಳೋದನ್ನು ಮಾತ್ರ ಮರೀಬೇಡ. ಈ ದಂಧೆಯಲ್ಲಿ ಹುಡುಗರು ಕಾಯಿಲೆ ಮುಚ್ಚಿಡುತ್ತಾರೆ. ಭೇದಿ ಆಗ್ತಿದ್ದರೂ ಈರುಳ್ಳಿ ಹೆಚ್ಚುತ್ತಾರೆ, ಬೆರಳಲ್ಲಿ ಕೀವು ತುಂಬಿದ್ದರೂ ಮಸಾಲೆ ಕಲಸುತ್ತಾರೆ. ಹೇಳಿದರೆ ಅವತ್ತಿನ ಕೂಲಿ ಹೋಗುತ್ತೆ ಅನ್ನೋ ಭಯ ಅವರಿಗೆ. ಆ ಕೀವಿನ ಸೂಕ್ಷ್ಮಾಣು ಆಹಾರದಲ್ಲಿ ಬಿಡುವ ವಿಷವೂ ಮತ್ತೆ ಕುದಿಸಿದರೆ ಹೋಗುವಂಥದ್ದಲ್ಲ. ನೀನು ಗದರಿಸಿದರೆ ಅವರು ಇನ್ನಷ್ಟು ಮುಚ್ಚಿಡುತ್ತಾರೆ. ಹೊಟ್ಟೆ ಸರಿಯಿಲ್ಲ ಅಂತ ಬಂದು ಹೇಳಿದವನಿಗೆ ಅವತ್ತಿನ ಕೂಲಿ ಕೈಯಲ್ಲಿಟ್ಟು ಮನೆಗೆ ಕಳಿಸು. ಭೇದಿ ಪೂರ್ತಿ ನಿಂತ ಮೇಲೂ ಎರಡು ದಿನ ಅಡುಗೆ ಹತ್ತಿರ ಬಿಡಬೇಡ, ಆ ಎರಡು ದಿನದ ಕೂಲಿಯನ್ನೂ ಹಿಡೀಬೇಡ.