ಕೆಲಸದಲ್ಲಿ ಪೆಟ್ಟಾದರೆ ಮುಚ್ಚಿಡಬೇಡಿ

ಅಂಗಡಿ, ಹೋಟೆಲ್, ಗ್ಯಾಸ್ ಸ್ಟೇಷನ್‌ನಲ್ಲಿ ದುಡಿಯುವ ಮಗನೋ ಸೊಸೆಯೋ ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ‘ಮಾಲೀಕರಿಗೆ ತಿಳಿಸಿದೆಯಾ?’ ಎಂದು ಕೇಳಿ.

ಊರಿನಲ್ಲಿ ಇ.ಎಸ್.ಐ. ಇರುವಂತೆ ಇಲ್ಲಿ ವರ್ಕರ್ಸ್ ಕಾಂಪೆನ್ಸೇಷನ್ ವಿಮೆಯಿದೆ. ಕಂತು ಕಟ್ಟುವವರು ಮಾಲೀಕರು. ಸಾಮಾನ್ಯವಾಗಿ, ತಪ್ಪು ಯಾರದೆಂದು ನೋಡದೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಹೆಚ್ಚು ದಿನ ಕೆಲಸ ತಪ್ಪಿದರೆ ಸಂಬಳದ ಒಂದು ಭಾಗವೂ ಸಿಗುತ್ತದೆ.

ಮಾಲೀಕರಿಗೆ ತಿಳಿಸಲು ಗಡುವು:
• ಶಿಕಾಗೊ (ಇಲಿನಾಯ್ ರಾಜ್ಯ): 45 ದಿನ
• ಡೆಟ್ರಾಯಿಟ್ (ಮಿಷಿಗನ್ ರಾಜ್ಯ): 90 ದಿನ

ಅದೇ ದಿನ ಬರೆದು ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಡಾಕ್ಟರಿಗೂ ‘ಕೆಲಸದಲ್ಲಿ ಆದ ಪೆಟ್ಟು’ ಎಂದೇ ಹೇಳಬೇಕು.

ಪೆಟ್ಟಾಗದಂತೆ:
• ಒದ್ದೆ ನೆಲವನ್ನು ಕೂಡಲೇ ಒರೆಸುವುದು. ಜಾರದ ಷೂ ಹಾಕುವುದು.
• ಭಾರದ ಪೆಟ್ಟಿಗೆಯನ್ನು ಇಬ್ಬರು ಎತ್ತುವುದು, ಇಲ್ಲವೇ ಗಾಡಿಯಲ್ಲಿ ತಳ್ಳುವುದು.
• ಕುರ್ಚಿಯ ಮೇಲೆ ಹತ್ತದೆ ಏಣಿ ಬಳಸುವುದು.
• ಚಳಿಗಾಲದಲ್ಲಿ ಬಾಗಿಲ ಮುಂದಿನ ಮಂಜುಗಡ್ಡೆಗೆ ಉಪ್ಪು ಹಾಕುವುದು.

ನಿಮಗೂ ಒಂದು ಮಾತು: ಸಂದರ್ಶಕ ವೀಸಾದಲ್ಲಿ ಕೆಲಸ ಮಾಡಲು ಅನುಮತಿಯಿಲ್ಲ. ಮಕ್ಕಳದೇ ಅಂಗಡಿಯಾದರೂ ‘ಸ್ವಲ್ಪ ಸಹಾಯ’ ಎಂದು ಪೆಟ್ಟಿಗೆ ಎತ್ತಬೇಡಿ, ಗಲ್ಲಾದಲ್ಲಿ ಕೂರಬೇಡಿ. ಅಲ್ಲಿ ಬಿದ್ದರೆ ಈ ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ.