ಫೋಟೊದಲ್ಲಿ ಹೊಲ ಅಳೆಯುವುದು: ಎಲ್ಲಿಯವರೆಗೆ ನಂಬಬಹುದು?

ಗುಡೂರು ಸುತ್ತಿನ ಹೊಲಗಳ ಉಪಗ್ರಹ ಚಿತ್ರ ಈಗ ಮೊಬೈಲಿನಲ್ಲೇ ಸಿಗುತ್ತದೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಅದರ ಮೇಲೆ ಸರ್ವೆ ನಂಬರಿನ ಗೆರೆಯನ್ನೂ ಎಳೆದು ತೋರಿಸುತ್ತದೆ. ಅದನ್ನೇ ಹಿಡಿದು ಬದುವಿನ ಜಗಳ ತೀರಿಸಲು ಹೊರಡುವವರಿದ್ದಾರೆ, ಇದೆಲ್ಲ ಆಟ ಎಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರದೂ ಅವಸರದ ಮಾತು. ಫೋಟೊದಿಂದ ಹೊಲದ ವಿಸ್ತೀರ್ಣವನ್ನು ಸಾಕಷ್ಟು ಸರಿಯಾಗಿ ತೆಗೆಯಬಹುದು. ಗಡಿ ಎಲ್ಲಿದೆ ಎಂಬುದನ್ನು ಮಾತ್ರ ಫೋಟೊ ಹೇಳಲಾರದು.

ಮೊದಲು, ಮೇಲಿನಿಂದ ನೇರ ಕೆಳಮುಖವಾಗಿ ತೆಗೆದ ಚಿತ್ರವೊಂದನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಅದರಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಕಾಣುವ ಎರಡು ಗುರುತು ಆರಿಸಿ: ಬಾವಿಯ ಮೂಲೆ, ರಸ್ತೆ ಕೂಡುವ ಜಾಗ, ಸೇತುವೆಯ ತುದಿ. ಬೇವಿನ ಗಿಡದ ನೆತ್ತಿ ಬೇಡ, ಎತ್ತರದ ವಸ್ತು ಫೋಟೊದಲ್ಲಿ ಅಂಚಿನ ಕಡೆಗೆ ವಾಲಿ ಕಾಣುತ್ತದೆ. ಎರಡು ಗುರುತುಗಳ ನಡುವಿನ ದೂರ ಟೇಪಿನಲ್ಲಿ 66 ಮೀಟರ್, ಕಾಗದದಲ್ಲಿ 3.3 ಸೆಂಟಿಮೀಟರ್ ಬಂದರೆ ಚಿತ್ರದ ಪ್ರಮಾಣ 1:2000. ಅಂದರೆ ಕಾಗದದ ಒಂದು ಸೆಂಟಿಮೀಟರ್ ನೆಲದ 20 ಮೀಟರ್; ಒಂದು ಚದರ ಸೆಂಟಿಮೀಟರ್ 400 ಚದರ ಮೀಟರ್, ಹೆಚ್ಚುಕಡಿಮೆ ನಾಲ್ಕು ಗುಂಟೆ. ಹೊಲದ ಅಂಚನ್ನು ಗ್ರಾಫ್ ಕಾಗದಕ್ಕೆ ಇಳಿಸಿ ಚೌಕಗಳನ್ನು ಎಣಿಸಿ. 38 ಚದರ ಸೆಂಟಿಮೀಟರ್ ಆದರೆ 15,200 ಚದರ ಮೀಟರ್, ಅಂದರೆ ಸುಮಾರು 3 ಎಕರೆ 30 ಗುಂಟೆ. ಅಡ್ಡ ದಿಕ್ಕಿನಲ್ಲಿ ಇನ್ನೊಂದು ದೂರವನ್ನೂ ಅಳೆಯಿರಿ. ಎರಡರಿಂದ ಬೇರೆ ಬೇರೆ ಪ್ರಮಾಣ ಬಂದರೆ ಆ ಚಿತ್ರವನ್ನು ಬದಿಗಿಡಿ. ಉದ್ದದಲ್ಲಿ ನೂರಕ್ಕೆ ಐದರ ತಪ್ಪು ವಿಸ್ತೀರ್ಣದಲ್ಲಿ ನೂರಕ್ಕೆ ಹತ್ತಾಗುತ್ತದೆ. ಐದು ಎಕರೆಯಲ್ಲಿ ಅರ್ಧ ಎಕರೆ!

ಇಂಥ ತಪ್ಪಿಗೆ ನೆಲದ ಏರಿಳಿತವೇ ಸಾಕು. ಡ್ರೋನ್ 120 ಮೀಟರ್ ಎತ್ತರದಿಂದ ಫೋಟೊ ತೆಗೆದಿದೆ, ನೀವು ಟೇಪ್ ಹಿಡಿದ ರಸ್ತೆಗಿಂತ ಹೊಲ 6 ಮೀಟರ್ ಮೇಲಿದೆ ಎನ್ನಿ. ಕ್ಯಾಮೆರಾಗೆ ಹತ್ತಿರವಿರುವ ಹೊಲ ಸುಮಾರು ನೂರಕ್ಕೆ ಐದರಷ್ಟು ಹಿಗ್ಗಿ ಕಾಣುತ್ತದೆ. ಸಮತಟ್ಟಾದ ಎರೆ ಹೊಲದಲ್ಲಿ ಈ ಚಿಂತೆಯಿಲ್ಲ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿ ಇದನ್ನು ಮರೆಯುವಂತಿಲ್ಲ. ಅದಕ್ಕೇ ವೃತ್ತಿಪರರು ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಚಾಚಿಕೊಳ್ಳುವಂತೆ ಸಾಲು ಫೋಟೊ ತೆಗೆಯುತ್ತಾರೆ. ಒಂದೇ ಜಾಗ ಎರಡು ಕಡೆಯಿಂದ ಕಂಡಾಗ ಅದರ ಎತ್ತರ ಲೆಕ್ಕಕ್ಕೆ ಸಿಗುತ್ತದೆ, ವಾಲಿದ್ದನ್ನು ಸರಿಪಡಿಸಬಹುದು.

ಸರ್ಕಾರವೇ ಡ್ರೋನಿನಿಂದ ಅಳೆಯುವಾಗ ನಮಗೇಕೆ ಅನುಮಾನ ಎಂದು ಕೇಳಬಹುದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯನ್ನೇ ನೋಡಿ. ಅದು ಅಳೆಯುವುದು ಊರೊಳಗಿನ ಮನೆ, ಖಾಲಿ ಜಾಗಗಳನ್ನು, ಹೊಲಗಳನ್ನಲ್ಲ. ಅಲ್ಲಿಯೂ ಡ್ರೋನ್ ಹಾರುವ ಮೊದಲು ಜನರ ಎದುರು ಆಸ್ತಿಯ ಅಂಚಿಗೆ ಸುಣ್ಣದ ಗೆರೆ ಹಾಕುತ್ತಾರೆ. ಗೆರೆ ನಿರ್ಧಾರವಾಗುವುದು ನೆಲದ ಮೇಲೆ, ಒಪ್ಪಿಗೆಯಿಂದ. ಕ್ಯಾಮೆರಾ ಅದನ್ನು ದಾಖಲಿಸುತ್ತದೆ, ಅಷ್ಟೆ. ನಮ್ಮ 1:2000 ಚಿತ್ರದಲ್ಲಂತೂ ಪೆನ್ಸಿಲ್ ಒಂದು ಮಿಲಿಮೀಟರ್ ಸರಿದರೆ ನೆಲದಲ್ಲಿ ಎರಡು ಮೀಟರ್. ನೂರು ಮೀಟರ್ ಉದ್ದದ ಬದುವಿನಲ್ಲಿ ಅದು ಸುಮಾರು ಎರಡು ಗುಂಟೆ. ಬಹುಪಾಲು ಬದುವಿನ ಜಗಳ ಅದಕ್ಕಿಂತ ಸಣ್ಣ ಪಟ್ಟಿಯದು.

ಹಾಗಾದರೆ ಫೋಟೊ ಏತಕ್ಕೆ? ಬೀಜ, ಗೊಬ್ಬರದ ಲೆಕ್ಕಕ್ಕೆ, ಹಳ್ಳ ಕೊರೆದು ಹೋದ ನೆಲದ ಅಂದಾಜಿಗೆ, ಬಳ್ಳಾರಿ ಜಾಲಿ ಬೆಳೆದು ಟೇಪ್ ಎಳೆಯಲಾಗದ ಕಡೆಗೆ ಅದು ಧಾರಾಳ ಸಾಕು. ಗಡಿಯ ಪ್ರಶ್ನೆ ಬಂದರೆ ಉತಾರದ ಜೊತೆ ಸರ್ವೆ ಟಿಪ್ಪಣಿಯ ನಕಲು ತೆಗೆಸಿ. ಮುಂಬೈ ಪ್ರಾಂತದ ಹಳೆಯ ಮೋಜಣಿಯಲ್ಲಿ ದೂರ ಸರಪಳಿ, ಆಣೆಗಳಲ್ಲಿರುತ್ತದೆ. ಸರಪಳಿ ಎಂದರೆ 33 ಅಡಿ, ಅದರ ಹದಿನಾರನೇ ಒಂದು ಭಾಗ ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಗುಂಟೆ. 5 ಸರಪಳಿ 8 ಆಣೆ ಇದ್ದರೆ 181.5 ಅಡಿ. ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಟೇಪ್ ಹಿಡಿದು ಇದನ್ನು ತಾಳೆ ನೋಡಿ. ತಾಳೆಯಾಗದಿದ್ದರೆ, ಕಲ್ಲೇ ಕಾಣೆಯಾಗಿದ್ದರೆ, ಹದ್ದುಬಸ್ತಿಗೆ ಅರ್ಜಿ ಹಾಕಿ. ಭೂಮಾಪಕರು ಬಂದ ದಿನ ಬದುವಿನ ಆಚೆಯವರೂ ಸ್ಥಳದಲ್ಲಿರಲಿ.